ಓದುಗರ ಪ್ರಶ್ನೆ, ನಮ್ಮ ಉತ್ತರ: ಪುಸ್ತಕ ಪೂಜೆಗಿಟ್ಟ ದಿನಗಳು

ಮಧ್ಯಾವಧಿ ರಜೆ ಆರಂಭವಾದಾಗಿನಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ವಿದ್ಯಾರ್ಥಿಗಳವು; ಒಂದೆರಡು ಅವರ ತಾಯಂದಿರವು. ರಜೆಯಲ್ಲಿ ತಮ್ಮನ್ನು ತಾವು ನೋಡಿಕೊಳ್ಳುವುದು ಹೇಗೆ ಎಂಬಲ್ಲಿಗೇ ಎಲ್ಲ ಪತ್ರಗಳೂ ಬಂದು ನಿಲ್ಲುವುದರಿಂದ ಈ ಸಲ ನಾಲ್ಕನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಹಾಸನದ ಹಾಸ್ಟೆಲೊಂದರಲ್ಲಿದ್ದು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಪರೀಕ್ಷೆ ಮುಗಿಸಿ ಅರಕಲಗೂಡು ತಾಲ್ಲೂಕಿನ ನಮ್ಮೂರಿಗೆ ಬಂದು ನಾಲ್ಕು ದಿನವಾಯಿತು. ಒಂದು ಚೀಲ ತುಂಬ ಪುಸ್ತಕ ತಂದಿದ್ದೇನೆ, ಇನ್ನೂ ಅದರ ಜಿಪ್ಪು ತೆಗೆದಿಲ್ಲ. ಮೊದಲ ಎರಡು ದಿನ ಬರೀ ನಿದ್ದೆ ಮಾಡಿದೆ. ‘ಹಾಸ್ಟೆಲಿನಲ್ಲಿ ಏನು ಕಲ್ಲು ಹೊರಿಸುತ್ತಾರೋ’ ಎಂದು ಅಜ್ಜಿ ಹಂಗಿಸಿದರು. ರೀಲ್ಸ್‌ಗಳಲ್ಲಿ ‘ಸೆಲ್ಫ್ ಕೇರ್’ ಎಂದು ಮುಖಕ್ಕೆ ಪ್ಯಾಕ್ ಹಚ್ಚಿಕೊಳ್ಳುವುದನ್ನು, ಪರಿಮಳದ ಮೇಣದಬತ್ತಿ ಹಚ್ಚಿಟ್ಟು ಡೈರಿ ಬರೆಯುವುದನ್ನು ತೋರಿಸುತ್ತಾರೆ. ನಾನೂ ಕಡಲೆಹಿಟ್ಟು, ಮೊಸರು ಹಚ್ಚಿಕೊಂಡು ಕುಳಿತೆ. ಮುಖ ತೊಳೆದ ಮೇಲೂ ಮನಸ್ಸು ಇದ್ದ ಹಾಗೇ ಇತ್ತು. ಓದಲು ಕುಳಿತರೆ ತಲೆಗೆ ಹತ್ತುವುದಿಲ್ಲ, ಓದದಿದ್ದರೆ ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತದೆ. ಏನೂ ಮಾಡದೆಯೇ ಸುಸ್ತು. ರಜೆಯನ್ನು ಹೇಗೆ ಕಳೆದರೆ ಸರಿ? (ಇನ್ನೊಂದು, ಹಾಸ್ಟೆಲಿನಲ್ಲಿ ರಾತ್ರಿ ಓದುವಾಗ ಬಳಪ ತಿನ್ನುವ ಚಟ ಅಂಟಿಕೊಂಡಿದೆ. ಬಿಡುವ ಉಪಾಯವಿದ್ದರೆ ಹೇಳಿ.)

ಉತ್ತರ: ನೀವು ಆವರಣದೊಳಗೆ ಹಾಕಿ ಮುಗಿಸಿರುವ ಸಾಲಿನಿಂದಲೇ ಆರಂಭಿಸುತ್ತೇನೆ. ಬಳಪ, ಮಣ್ಣು, ಹಸಿ ಅಕ್ಕಿ ತಿನ್ನಬೇಕೆನಿಸುವುದನ್ನು ನಮ್ಮಲ್ಲಿ ಕೆಟ್ಟ ಚಟವೆಂದು ಗದರಿಸಿ ಬಿಡುತ್ತಾರೆ. ಆದರೆ ಅನೇಕ ಸಲ ಅದು ದೇಹದಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿರುವುದರ ಸೂಚನೆಯಾಗಿರುತ್ತದೆ; ಕಾರಣವಿಲ್ಲದ ಸುಸ್ತು, ಓದಿದ್ದರಲ್ಲಿ ಮನಸ್ಸು ನಿಲ್ಲದಿರುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು, ಇವೂ ಅದರೊಂದಿಗೆ ಬರುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡ 59ರಷ್ಟು ಮಂದಿಗೆ ರಕ್ತಹೀನತೆಯಿದೆ, ಅಂದರೆ ನಿಮ್ಮ ಹಾಸ್ಟೆಲ್ ಕೋಣೆಯಲ್ಲಿ ನಾಲ್ವರಿದ್ದರೆ ಇಬ್ಬರಿಗಾದರೂ ಇರುವ ಸಂಭವವಿದೆ. ನಿಮಗೂ ಅದೇ ಆಗಿದೆ ಎಂದು ಪತ್ರ ಓದಿ ಹೇಳಲು ಬರುವುದಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಮ್ಮನೊಂದಿಗೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ನಿಮ್ಮ ವಯಸ್ಸಿನ ಹುಡುಗಿಗೆ ಅದು ನೂರು ಮಿಲಿಲೀಟರ್ ರಕ್ತದಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಅದನ್ನು ಕಾಫಿ, ಟೀ ಜೊತೆಗೆ ನುಂಗಬೇಡಿ, ಅವು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ನಿಂಬೆಹಣ್ಣಿನ ಪಾನಕವಾದರೆ ಒಳ್ಳೆಯದು. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಿ ಅರ್ಧಕ್ಕೆ ಬಿಡಬೇಡಿ. ಹುರುಳಿಕಾಳಿನ ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ ತಿನ್ನುವುದು ಸರಿಯೇ, ಆದರೆ ಒಮ್ಮೆ ಕೊರತೆಯಾದ ಮೇಲೆ ಊಟವೊಂದೇ ಅದನ್ನು ತುಂಬಲಾರದು.

ಮುಖದ ಪ್ಯಾಕಿನ ಬಗ್ಗೆ ನನಗೇನೂ ತಕರಾರಿಲ್ಲ. ಆದರೆ ನೀವು ಕೇಳುತ್ತಿರುವುದಕ್ಕೆ ನಮ್ಮ ಮನೆಗಳಲ್ಲಿ ಆರೈಕೆ ಎಂಬ ಮಾತಿದೆ, ಅದನ್ನು ನಾವು ಬಾಣಂತಿಗೆ, ಜ್ವರದಿಂದ ಎದ್ದವರಿಗೆ, ಕರು ಹಾಕಿದ ಹಸುವಿಗೆ ಬಳಸುತ್ತೇವೆ. ಬಾಣಂತಿಯ ಪಥ್ಯವನ್ನು ಜ್ವರದವರಿಗೆ ಹಾಕುವುದಿಲ್ಲ, ಹಸುವಿನ ಬೂಸಾ ಬೇರೆಯೇ. ಏನು ಸವೆದಿದೆ ಎಂದು ನೋಡಿ ಅದನ್ನು ತುಂಬುವುದನ್ನೇ ಆರೈಕೆ ಎನ್ನುತ್ತಾರೆ. ಆದ್ದರಿಂದ ‘ರಜೆಯಲ್ಲಿ ಏನು ಮಾಡಲಿ’ ಎಂಬ ಪ್ರಶ್ನೆಗಿಂತ ಮೊದಲು, ಕಾಲೇಜು ಆರಂಭವಾದಂದಿನಿಂದ ಇಲ್ಲಿಯವರೆಗೆ ನಿಮ್ಮಲ್ಲಿ ಏನು ಸವೆದಿದೆ ಎಂದು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಪತ್ರದಿಂದ ನನಗೆ ಕಾಣುವುದು ಮೂರು: ನಿದ್ದೆ, ರಕ್ತ, ಮತ್ತು ಓದಿನ ಯೋಚನೆಯೇ ಇಲ್ಲದ ಒಂದಿಷ್ಟು ಹೊತ್ತು.

ನಿದ್ದೆಯ ವಿಷಯದಲ್ಲಿ ಅಜ್ಜಿಯ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಎಂಬ ರಸ ದೊಡ್ಡವರಿಗಿಂತ ತಡವಾಗಿ ಸ್ರವಿಸುವುದರಿಂದ ಈ ವಯಸ್ಸಿನವರಿಗೆ ರಾತ್ರಿ ಬೇಗ ಕಣ್ಣು ಎಳೆಯುವುದಿಲ್ಲ, ಆದರೂ ಹಾಸ್ಟೆಲಿನ ಗಂಟೆ ಬೆಳಗಿನ ಜಾವವೇ ಹೊಡೆಯುತ್ತದೆ. ಹೀಗೆ ದಿನಕ್ಕೆ ಒಂದೆರಡು ಗಂಟೆಯಂತೆ ತಿಂಗಳುಗಟ್ಟಲೆ ಕಳೆದುಕೊಂಡದ್ದನ್ನು ನಿಮ್ಮ ಮೈ ಮೊದಲ ಎರಡು ದಿನಗಳಲ್ಲಿ ವಸೂಲಿ ಮಾಡಲು ಹೊರಟಿತು, ಅಷ್ಟೇ. ಇನ್ನು ಮುಂದೆ ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿ ಮಾಡಿಕೊಳ್ಳಿ. ಏಳು ಗಂಟೆ ಎಂದಿಟ್ಟುಕೊಂಡರೆ ದಿನವೂ ಏಳಕ್ಕೇ ಎದ್ದು, ಎದ್ದ ತಕ್ಷಣ ಅಂಗಳದ ಬಿಸಿಲಿಗೆ ಬನ್ನಿ. ಸಂಜೆಯ ಕಾಫಿಯನ್ನು ನಾಲ್ಕು ಗಂಟೆಯೊಳಗೆ ಮುಗಿಸಿ, ಏಕೆಂದರೆ ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿ ಉಳಿದಿರುತ್ತದೆ. (ನಮ್ಮ ಸೀಮೆಯಲ್ಲಿ ರಾತ್ರಿ ಊಟದ ಮೇಲೂ ನೆಂಟರಿಗೆ ಕಾಫಿ ಕೊಡುತ್ತಾರೆಂಬುದು ನನಗೂ ಗೊತ್ತು, ನೀವು ಮಜ್ಜಿಗೆ ಕೇಳಿ.) ರಜೆ ಮುಗಿಯಲು ನಾಲ್ಕು ದಿನವಿರುವಾಗ ಏಳುವ ಹೊತ್ತನ್ನು ದಿನಕ್ಕೆ ಅರ್ಧ ಗಂಟೆಯಂತೆ ಹಿಂದಕ್ಕೆ ತಂದರೆ ಹಾಸ್ಟೆಲಿನ ಮೊದಲ ಬೆಳಗು ಅಷ್ಟು ಹಿಂಸೆಯಾಗುವುದಿಲ್ಲ.

ಓದದಿದ್ದರೆ ತಪ್ಪು ಮಾಡಿದಂತೆ ಅನ್ನಿಸುವುದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ನವರಾತ್ರಿಯ ಸರಸ್ವತಿ ಪೂಜೆಯ ದಿನ ಮಕ್ಕಳ ಪುಸ್ತಕಗಳನ್ನು ಪೀಠದ ಮೇಲೆ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟ ಮೇಲೆ ವಿಜಯದಶಮಿಯಂದು ತೆಗೆಯುವವರೆಗೆ ಅವನ್ನು ಮುಟ್ಟುವ ಹಾಗಿಲ್ಲ ಎಂಬ ಪದ್ಧತಿ ಅನೇಕ ಮನೆಗಳಲ್ಲಿದೆ. ಚಿಕ್ಕಂದಿನಲ್ಲಿ ನಾವು ಗಣಿತದ ಪುಸ್ತಕವನ್ನೇ ಎಲ್ಲಕ್ಕಿಂತ ಅಡಿಗೆ ಇಡುತ್ತಿದ್ದೆವು, ಯಾರಾದರೂ ಮನಸ್ಸು ಬದಲಿಸಿದರೂ ಅದು ಸುಲಭಕ್ಕೆ ಕೈಗೆ ಸಿಗಬಾರದೆಂದು. ಆ ಮೂರು ದಿನ ಓದದಿರುವುದನ್ನು ಸೋಮಾರಿತನವೆಂದು ಮನೆಯಲ್ಲಿ ಯಾರೂ ಕರೆಯುತ್ತಿರಲಿಲ್ಲ, ಓದಬಾರದೆಂಬುದೇ ನಿಯಮವಾಗಿತ್ತು. ಹಾಗಾಗಿ ಅಳುಕಿಲ್ಲದೆ ಆಡುತ್ತಿದ್ದೆವು. ನಿಮಗೀಗ ಇಲ್ಲದಿರುವುದು ಇಂಥ ನಿಯಮ. ಪುಸ್ತಕದ ಚೀಲ ಕೋಣೆಯ ಮೂಲೆಯಲ್ಲಿ ಕುಳಿತು ನಿಮ್ಮನ್ನೇ ನೋಡುತ್ತಿದೆ, ನೀವು ಓದುತ್ತಲೂ ಇಲ್ಲ, ಬಿಟ್ಟೂ ಇಲ್ಲ.

ಉದ್ಯೋಗಿಗಳ ದಣಿವಿನ ಬಗ್ಗೆ ಸಬೀನೆ ಸೊನ್ನೆಂಟಾಗ್ ಮತ್ತು ಷಾರ್ಲೊಟ್ಟೆ ಫ್ರಿಟ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ದಣಿವಾರಿಸುವ ನಾಲ್ಕು ಬಗೆಯ ಅನುಭವಗಳನ್ನು ಗುರುತಿಸುತ್ತದೆ: ಕೆಲಸದ ಯೋಚನೆಯಿಂದ ಮನಸ್ಸು ಕಳಚಿಕೊಳ್ಳುವುದು, ಮೈಮನಸ್ಸು ಸಡಿಲವಾಗುವುದು, ಹೊಸದೊಂದನ್ನು ಕಲಿತು ಕೈವಶ ಮಾಡಿಕೊಳ್ಳುವುದು, ಬಿಡುವಿನ ಹೊತ್ತು ನಮ್ಮ ಹಿಡಿತದಲ್ಲಿರುವುದು. ಅದು ವಿದ್ಯಾರ್ಥಿಗಳನ್ನು ಕುರಿತು ಮಾಡಿದ ಅಧ್ಯಯನವಲ್ಲ, ಆದರೂ ಮೂವತ್ತು ವರ್ಷ ಪಾಠ ಮಾಡಿದವಳಾಗಿ ನನಗೆ ಆ ನಾಲ್ಕೂ ಗುರುತಿನವೇ ಎನಿಸುತ್ತವೆ. ರೀಲ್ಸ್‌ನವರು ಎರಡನೆಯದನ್ನು ಮಾತ್ರ ಹಿಡಿದುಕೊಂಡು ಉಳಿದ ಮೂರನ್ನು ಬಿಟ್ಟಿದ್ದಾರೆ.

ಕಳಚಿಕೊಳ್ಳುವುದಕ್ಕೆ ಒಂದು ಉಪಾಯವಿದೆ. ಅರ್ಧಕ್ಕೆ ನಿಂತ ಕೆಲಸ ಮನಸ್ಸನ್ನು ಮತ್ತೆ ಮತ್ತೆ ಎಳೆಯುತ್ತದೆ. ಆದರೆ ಅದನ್ನು ಯಾವಾಗ, ಎಲ್ಲಿಂದ ಮುಂದುವರಿಸುವುದು ಎಂದು ಸ್ಪಷ್ಟವಾಗಿ ಗೊತ್ತುಮಾಡಿಕೊಂಡರೆ ಆ ಕೆಲಸ ಮುಗಿಯದೆಯೇ ಈ ಎಳೆತ ತಗ್ಗುತ್ತದೆ ಎಂದು ಮಸಿಕ್ಯಾಂಪೊ ಮತ್ತು ಬೌಮೈಸ್ಟರ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು 2011ರಲ್ಲಿ ತೋರಿಸಿದರು. ಹಾಗಾಗಿ ಪುಸ್ತಕಗಳನ್ನು ಪೂಜೆಗಿಡುವ ಮುನ್ನ ಒಂದು ಚೀಟಿ ಬರೆಯಿರಿ. ‘ಕೆಮಿಸ್ಟ್ರಿ ಓದಬೇಕು’ ಎಂದು ಬರೆದರೆ ಅದು ಚೀಟಿಯಲ್ಲ. ‘ದಶಮಿಯ ಮರುದಿನ ಬೆಳಗ್ಗೆ ಎಂಟಕ್ಕೆ, ವಿದ್ಯುದ್ರಸಾಯನದ ಪಾಠ, ಪರೀಕ್ಷೆಯಲ್ಲಿ ಬಿಟ್ಟ ಎರಡು ಲೆಕ್ಕ’ ಎಂದು ಬರೆದು, ಆ ಪುಸ್ತಕದಲ್ಲೇ ಇಟ್ಟು, ಎಲ್ಲವನ್ನೂ ಪೂಜೆಗೆ ಇಟ್ಟುಬಿಡಿ. ನಿಮ್ಮ ಮನೆಯಲ್ಲಿ ಈ ಪದ್ಧತಿ ಇಲ್ಲದಿದ್ದರೆ ಅಟ್ಟದ ಮೇಲೆ ಇಡಿ. ಪುಸ್ತಕ ತೆಗೆದ ಮೇಲೂ ದಿನಕ್ಕೆ ಎರಡು ಗಂಟೆ ಸಾಕು, ಒಂದೇ ದಿನ ಎಂಟು ಗಂಟೆ ಕುಕ್ಕರುಬಡಿದು ಓದಿದ್ದಕ್ಕಿಂತ ಹಲವು ದಿನಗಳಿಗೆ ಹಂಚಿ ಓದಿದ್ದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ ಎಂಬುದು 1885ರಲ್ಲಿ ಎಬ್ಬಿಂಗ್‌ಹೌಸ್ ಬರೆದಾಗಿನಿಂದ ಗೊತ್ತಿರುವ ಸಂಗತಿ. ಇಷ್ಟು ಗೊತ್ತಿದ್ದೂ ನಾನು ರಜೆಗೆ ಹೊರಟ ಮಕ್ಕಳಿಗೆ ನಲವತ್ತು ಲೆಕ್ಕ ಕೊಟ್ಟು ಕಳುಹಿಸುತ್ತಿದ್ದ ಉಪನ್ಯಾಸಕಿ. ರಜೆಯ ಕೊನೆಯ ರಾತ್ರಿ ಒಬ್ಬಳು ಮಾಡಿದ್ದನ್ನು ಇಪ್ಪತ್ತು ಮಂದಿ ನಕಲು ಮಾಡಿಕೊಂಡು ಬರುತ್ತಿದ್ದರು, ಒಂದೇ ಕಡೆ ಒಂದೇ ತಪ್ಪಿನೊಂದಿಗೆ.

ಇನ್ನು ಹೊಸದೊಂದನ್ನು ಕೈವಶ ಮಾಡಿಕೊಳ್ಳುವ ಮಾತು. ಅದಕ್ಕೆ ನಿಮ್ಮನ್ನು ಹಂಗಿಸಿದ ಅಜ್ಜಿಯೇ ತಕ್ಕ ಗುರು. ಮುದ್ದೆ ಮಾಡುವುದನ್ನು ಕಲಿಯಿರಿ. ಎಸರು ಮರಳುವಾಗ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ತೂತು ಮಾಡಿ, ಅದು ಬೆಂದಿತೆಂದು ವಾಸನೆಯಿಂದಲೇ ತಿಳಿದು, ಪಾತ್ರೆ ಇಳಿಸಿ, ಗಂಟು ಉಳಿಯದಂತೆ ಕೋಲಿನಲ್ಲಿ ತಿರುವಿ, ಕೈ ಒದ್ದೆ ಮಾಡಿಕೊಂಡು ಸುಡುತ್ತಿರುವಾಗಲೇ ಉಂಡೆ ಕಟ್ಟಬೇಕು. ಮೊದಲ ದಿನ ಗಂಟಾಗುತ್ತದೆ, ಎರಡನೆಯ ದಿನ ನೀರಾಗುತ್ತದೆ, ನಾಲ್ಕನೆಯ ದಿನ ಅಜ್ಜಿ ಏನೂ ಅನ್ನದೆ ಉಣ್ಣುತ್ತಾರೆ. ಬಿಸಿ ಹಿಟ್ಟು ಅಂಗೈಯಲ್ಲಿರುವಾಗ ಅಂಕಗಳ ಯೋಚನೆಗೆ ಜಾಗವಿರುವುದಿಲ್ಲ, ಮತ್ತು ಅದಕ್ಕೆ ಯಾರೂ ಅಂಕ ಕೊಡುವುದೂ ಇಲ್ಲ.

ಪ್ರಶ್ನೆ: ನನ್ನ ಮಗ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ. ಹಬ್ಬದ ರಜೆಗೆಂದು ಹಾಸನದ ಮನೆಗೆ ಬಂದವನು ಹನ್ನೊಂದಕ್ಕೆ ಏಳುತ್ತಾನೆ, ರಾತ್ರಿ ಎರಡರವರೆಗೆ ಮೊಬೈಲು. ಕೇಳಿದರೆ ‘ರೆಸ್ಟ್ ಮಾಡ್ತಿದೀನಿ, ಬಿಡಮ್ಮ’ ಎನ್ನುತ್ತಾನೆ. ಇದು ವಿಶ್ರಾಂತಿಯೇ?

ಉತ್ತರ: ಅಮ್ಮಾ, ಮೊದಲ ಮೂರು ದಿನ ಹೌದು ಎಂದುಕೊಳ್ಳಿ. ಅವನ ವಯಸ್ಸಿಗೆ 7ರಿಂದ 9 ಗಂಟೆ ನಿದ್ದೆ ಬೇಕು, ಎರಡಕ್ಕೆ ಮಲಗಿ ಹನ್ನೊಂದಕ್ಕೆ ಎದ್ದರೆ ಲೆಕ್ಕ ಸರಿಹೋಗುತ್ತದೆ, ಹೊತ್ತು ಮಾತ್ರ ತಪ್ಪಿದೆ. ಮೊಬೈಲನ್ನು ಕಿತ್ತಿಡಲು ಹೋಗಬೇಡಿ, ಇಪ್ಪತ್ತು ವರ್ಷದವನ ಕೈಯಿಂದ ಕಿತ್ತುಕೊಂಡದ್ದು ಉಳಿಯುವುದಿಲ್ಲ. ಬದಲಿಗೆ ಬೆಳಗ್ಗೆ ಒಂಬತ್ತಕ್ಕೆ ಅವನೇ ಮಾಡಬೇಕಾದ ಒಂದು ಕೆಲಸವನ್ನು ಒಪ್ಪಿಸಿ. ಮಾರುಕಟ್ಟೆಯಿಂದ ಸೊಪ್ಪು ತರುವುದಾಗಲಿ, ತಾತನನ್ನು ಕಣ್ಣಿನ ತಪಾಸಣೆಗೆ ಕರೆದೊಯ್ಯುವುದಾಗಲಿ. ಊಟಕ್ಕೆ ಕುಳಿತಾಗ ಪ್ಲೇಸ್‌ಮೆಂಟಿನ ಮಾತು ತೆಗೆಯಬೇಡಿ. ಅವನು ಕಳಚಿಕೊಳ್ಳಲು ಹೆಣಗುತ್ತಿರುವುದನ್ನು ನಾವೇ ಮತ್ತೆ ಅವನ ತಟ್ಟೆಯ ಪಕ್ಕ ಬಡಿಸುತ್ತೇವೆ.

ಆದರೆ ಒಂದನ್ನು ಗಮನಿಸುತ್ತಿರಿ. ಎರಡು ವಾರಕ್ಕೂ ಮಿಕ್ಕಿ ದಿನದ ಬಹುಪಾಲು ಮಂಕಾಗಿದ್ದು, ಮೊದಲು ಇಷ್ಟಪಡುತ್ತಿದ್ದ ಕ್ರಿಕೆಟ್ಟು, ಗೆಳೆಯರು, ಊಟ ಯಾವುದೂ ಬೇಡವಾಗಿದ್ದರೆ, ಅಥವಾ ಬದುಕೇ ಬೇಡವೆಂಬ ಮಾತು ಒಮ್ಮೆ ಬಂದರೂ, ಅದನ್ನು ದಣಿವು ಎಂದುಕೊಂಡು ಕಾಯಬಾರದು. 14416 ಟೆಲಿ ಮಾನಸ್ ಸಹಾಯವಾಣಿಗೆ ನೀವೂ ಕರೆ ಮಾಡಬಹುದು, ಅವನೂ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆ ಹಗಲು ರಾತ್ರಿ ಕನ್ನಡದಲ್ಲಿಯೂ ದೊರೆಯುತ್ತದೆ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮನೋವೈದ್ಯಕೀಯ ವಿಭಾಗವೂ ಇದೆ.

ಪ್ರಶ್ನೆ: ಮೇಡಂ, ನಾನು ಚಿಕ್ಕಮಗಳೂರಿನಲ್ಲಿ ಬಿ.ಕಾಂ. ಓದುತ್ತೇನೆ, ಊರು ಕೊಪ್ಪದ ಕಡೆ. ರಜೆ ಬಂತೆಂದರೆ ನನಗೆ ಅಡಿಕೆ ಸುಲಿಯುವ ಕೆಲಸ, ಆ ದುಡ್ಡಿನಲ್ಲೇ ಮುಂದಿನ ತಿಂಗಳುಗಳ ಬಸ್ಸು, ಊಟ ನಡೆಯಬೇಕು. ಗೆಳೆಯರು ಮುಳ್ಳಯ್ಯನಗಿರಿಗೆ ಹೋಗಿ ಫೋಟೊ ಹಾಕುತ್ತಾರೆ. ಆರೈಕೆ, ವಿಶ್ರಾಂತಿ ಎಲ್ಲ ನಮ್ಮಂಥವರಿಗೆ ಹೇಳಿದ್ದಲ್ಲ ಅನ್ನಿಸುತ್ತದೆ.

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದು. ಈ ವಿಷಯದಲ್ಲಿ ಬರೆಯುವವರು, ನನ್ನನ್ನೂ ಸೇರಿಸಿ, ಓದುಗರ ಕೈಯಲ್ಲಿ ಬಿಡುವಿದೆ ಎಂದುಕೊಂಡೇ ಬರೆಯುತ್ತೇವೆ. ದುಡಿಮೆಯೇ ಒಂದು ಧ್ಯಾನ ಎಂಬಂಥ ಮಾತನ್ನು ನಾನು ಹೇಳುವುದಿಲ್ಲ. ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಕುಳಿತವರ ಸೊಂಟಕ್ಕೆ ಅದು ಧ್ಯಾನವಾಗಿರುವುದಿಲ್ಲ. ಆದರೂ ಅಡಿಕೆ ಅಂಗಳದ ಕೆಲಸದಲ್ಲಿ ಹಾಸ್ಟೆಲ್ ಕೋಣೆಯಲ್ಲಿಲ್ಲದ ಒಂದೆರಡು ಸಂಗತಿಗಳಿವೆ ಎಂಬುದನ್ನು ನೀವೇ ಗಮನಿಸಿರಬಹುದು. ಹತ್ತು ಜನ ಸುತ್ತ ಕುಳಿತು ಊರ ಸುದ್ದಿ ಆಡಿಕೊಳ್ಳುತ್ತಾ ಸುಲಿಯುವಾಗ ಕೈ ಒಂದು ಕಡೆ, ಮಾತು ಒಂದು ಕಡೆ ಇರುತ್ತದೆ, ಮತ್ತು ರಾತ್ರಿ ತೂಕ ಹಾಕುವಾಗ ನಿಮ್ಮ ದಿನದ ಲೆಕ್ಕ ಕಣ್ಣಿಗೆ ಕಾಣುತ್ತದೆ.

ನಾನು ಕೇಳುವುದು ಇಷ್ಟೇ. ವಾರದಲ್ಲಿ ಒಂದು ದಿನವನ್ನು ಸುಲಿತದಿಂದ ಪೂರ್ತಿ ಬಿಡಿಸಿಕೊಳ್ಳಿ, ಆ ಒಂದು ದಿನದ ಕೂಲಿ ಹೋಗುತ್ತದೆ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. ಮನೆಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು, ನೂರು ರೂಪಾಯಿಯಾದರೂ ಸರಿ, ನಿಮ್ಮ ಸ್ವಂತದ್ದೆಂದು ಎತ್ತಿಟ್ಟುಕೊಂಡು, ಯಾರಿಗೂ ಲೆಕ್ಕ ಒಪ್ಪಿಸದೆ ಖರ್ಚು ಮಾಡಿ. ಹಿಡಿತ ನಮ್ಮದಾಗಿರುವುದು ದಣಿವಾರಿಸುತ್ತದೆ ಎಂದು ಮೇಲೆ ಹೇಳಿದ್ದು ದುಡ್ಡಿಗೂ ಅನ್ವಯಿಸುತ್ತದೆ. ಕತ್ತಿ ತಾಗಿದರೆ ಸುಣ್ಣ, ಅರಿಶಿನ ಮೆತ್ತಿ ಮುಂದುವರಿಯದೆ ಸೋಪು ನೀರಿನಲ್ಲಿ ತೊಳೆದು, ಧನುರ್ವಾಯು ತಡೆಯುವ ಚುಚ್ಚುಮದ್ದು ಬೇಕೇ ಎಂದು ಆಸ್ಪತ್ರೆಯಲ್ಲಿ ಕೇಳಿ.

ಇನ್ನೊಂದು ಕೆಲಸವನ್ನು ಆರೈಕೆ ಎಂದು ಯಾರೂ ಕರೆಯುವುದಿಲ್ಲ, ನಾನು ಕರೆಯುತ್ತೇನೆ. ಆ ಬಿಡುವಿನ ದಿನಗಳಲ್ಲೊಂದು ಕೆಲಸದ ದಿನವಾಗಿದ್ದರೆ ನಾಡಕಚೇರಿಗೆ ಹೋಗಿ ಜಾತಿ, ಆದಾಯ ಪ್ರಮಾಣಪತ್ರಗಳು ಸರಿಯಿವೆಯೇ ನೋಡಿಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ವಿಚಾರಿಸಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ, ಎಸ್‌ಎಸ್‌ಪಿ ಎನ್ನುತ್ತಾರಲ್ಲ ಅದರಲ್ಲಿ, ನಿಮ್ಮ ಅರ್ಜಿ ಯಾವ ಹಂತದಲ್ಲಿದೆ ಎಂದು ತೆಗೆದು ನೋಡಿ. ಹೆಸರಿನ ಒಂದು ಅಕ್ಷರ ಆಧಾರಿನಲ್ಲಿ ಒಂದು ಬಗೆ, ಅಂಕಪಟ್ಟಿಯಲ್ಲಿ ಇನ್ನೊಂದು ಬಗೆ ಇದ್ದ ಕಾರಣಕ್ಕೆ ವಿದ್ಯಾರ್ಥಿವೇತನ ವರ್ಷಗಟ್ಟಲೆ ಬಾರದೆ ಉಳಿದ ಹುಡುಗರನ್ನು ನಾನು ಕಂಡಿದ್ದೇನೆ. ಆ ಹಣ ಬಂದರೆ ಮುಂದಿನ ರಜೆಯಲ್ಲಿ ಎರಡು ದಿನ ಕಡಿಮೆ ಸುಲಿಯಬಹುದು. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರದಲ್ಲಿ ಅಲ್ಲೇ ಇದೆ, ನಿಮ್ಮ ಕಾಲೇಜಿನಿಂದ ಬೆಳಗ್ಗೆ ಹೋಗಿ ಸಂಜೆಗೆ ಬರುವಷ್ಟು ದೂರ. ಅದಕ್ಕೆ ದಸರಾ ರಜೆಯ ಜಂಗುಳಿಯೇ ಆಗಬೇಕೆಂದಿಲ್ಲ.

ಪ್ರಶ್ನೆ: ಸಕಲೇಶಪುರದವಳು, ಪ್ರಥಮ ಪಿಯುಸಿ. ರಜೆ ಚೆನ್ನಾಗಿಯೇ ಕಳೆಯಿತು, ಆದರೆ ಹಾಸ್ಟೆಲಿಗೆ ಮರಳುವ ದಿನ ಹತ್ತಿರ ಬಂದಂತೆ ಹೊಟ್ಟೆಯಲ್ಲಿ ಸಂಕಟ. ಹೋದ ಎರಡೇ ದಿನಕ್ಕೆ ರಜೆ ಇತ್ತೋ ಇಲ್ಲವೋ ಎನ್ನುವಂತಾಗುತ್ತದೆ.

ಉತ್ತರ: ರಜೆಯ ಹಿತ ಕೆಲಸಕ್ಕೆ ಮರಳಿದ ಕೆಲವೇ ದಿನಗಳಲ್ಲಿ ಕರಗುವುದು ದೊಡ್ಡವರಲ್ಲಿಯೂ ಕಂಡುಬಂದಿದೆ, ಅದು ನಿಮ್ಮ ದೌರ್ಬಲ್ಯವಲ್ಲ. ಆದ್ದರಿಂದ ರಜೆಯಲ್ಲಿ ಹಿತವೆನಿಸಿದ ಒಂದನ್ನು, ಒಂದನ್ನು ಮಾತ್ರ, ಹಾಸ್ಟೆಲಿಗೆ ಕಟ್ಟಿಕೊಂಡು ಹೋಗಿ. ಅದು ಭಾನುವಾರ ಸಂಜೆಯ ಅರ್ಧ ಗಂಟೆಯ ನಡಿಗೆಯಾಗಬಹುದು, ತಮ್ಮನಿಗೆ ಬರೆಯುವ ಪತ್ರವಾಗಬಹುದು. ಕಾಲೇಜು ಸೋಮವಾರ ಆರಂಭವಾಗುವುದಾದರೆ ಭಾನುವಾರ ರಾತ್ರಿಯ ಕೊನೆಯ ಬಸ್ಸಿಗೆ ಓಡದೆ ಬೆಳಗ್ಗೆಯೇ ಹೊರಟು, ಹಾಸಿಗೆ ಕೊಡವಿ, ಬಟ್ಟೆ ಜೋಡಿಸಿ, ಅಮ್ಮ ಕೊಟ್ಟ ಚಟ್ನಿಪುಡಿಯ ಡಬ್ಬಿಗೆ ಇರುವೆ ಮುತ್ತದ ಜಾಗ ಹುಡುಕಿ, ಅಲ್ಲಿಯ ಮೊದಲ ರಾತ್ರಿ ನೆಮ್ಮದಿಯಾಗಿ ಮಲಗುವಂತೆ ನೋಡಿಕೊಳ್ಳಿ.

ಆದರೆ ಹೊಟ್ಟೆಯ ಸಂಕಟ ಪಾಠಕ್ಕಾಗಿಯೋ, ಯಾವುದಾದರೊಬ್ಬ ವ್ಯಕ್ತಿಗಾಗಿಯೋ ಎಂಬುದನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಹಾಸ್ಟೆಲಿನಲ್ಲಿ ಯಾರಾದರೂ ಪೀಡಿಸುತ್ತಿದ್ದರೆ, ಮುಟ್ಟುತ್ತಿದ್ದರೆ, ಹೆದರಿಸುತ್ತಿದ್ದರೆ ಅದಕ್ಕೆ ಯಾವ ವಿಶ್ರಾಂತಿಯೂ ಮದ್ದಲ್ಲ, ಮರಳುವ ಮುನ್ನವೇ ಮನೆಯಲ್ಲಿ ಹೇಳಬೇಕು. ಮನೆಯಲ್ಲಿ ಹೇಳುವುದು ಕಷ್ಟವಾದರೆ, ನಿಮಗಿನ್ನೂ ಹದಿನೆಂಟು ತುಂಬಿಲ್ಲವಾದ್ದರಿಂದ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆ ಸಂಖ್ಯೆಗೆ ಹಣ ತಗಲುವುದಿಲ್ಲ, ವಾರ್ಡನ್ನರ ಅನುಮತಿಯೂ ಬೇಕಿಲ್ಲ.